ಅಪ್ಪನ ಕೈಬರಹ ಬೆಳ್ಳಿಯಲ್ಲಿ ಕೂರಬೇಕಾದರೆ

ಹೋದ ತಿಂಗಳು ಒಬ್ಬ ಹುಡುಗ ಹಳೇ ಲೆಕ್ಕದ ಪುಸ್ತಕ ಹಿಡಿದುಕೊಂಡು ಅಂಗಡಿಗೆ ಬಂದ. ತಂಗಿಯ ಮದುವೆ. ಕೊನೆಯ ಹಾಳೆಯಲ್ಲಿ, ಹಾಲಿನ ಲೆಕ್ಕದ ಕೆಳಗೆ, ತೀರಿಹೋದ ಅಪ್ಪ ‘ಪುಟ್ಟಿ ಫೀಸು’ ಅಂತ ಬರೆದಿದ್ದರು. ‘ಅಣ್ಣಾ, ಪುಟ್ಟಿ ಅನ್ನೋದಷ್ಟನ್ನ ಬೆಳ್ಳೀಲಿ ಪದಕ ಮಾಡಿಕೊಡ್ತೀರಾ?’ ಅಂದ.

ಹೆಸರಿನ ಒಡವೆ ಮಾಡುವವರಿಗೆ ಕನ್ನಡ ಅಕ್ಷರ ಸುಲಭವಲ್ಲ. ಇಂಗ್ಲಿಷಿನ ಕೂಡುಬರಹದಲ್ಲಿ ಒಂದಕ್ಷರ ಇನ್ನೊಂದರ ಕೈ ಹಿಡಿದಿರುತ್ತದೆ. ತಗಡಿನಿಂದ ಕತ್ತರಿಸಿದರೆ ಇಡೀ ಹೆಸರು ಒಂದೇ ತುಂಡಾಗಿ ಬರುತ್ತದೆ. ನಮ್ಮ ಅಕ್ಷರಗಳು ಬಿಡಿಬಿಡಿ. ಅದರ ಮೇಲೆ ಒತ್ತಕ್ಷರ ಬೇರೆ. ‘ಟ್ಟಿ’ ಕೆಳಗಿನ ಆ ಪುಟ್ಟ ಒತ್ತು ಯಾವುದಕ್ಕೂ ಅಂಟಿರುವುದಿಲ್ಲ, ಕತ್ತರಿಸಿದ ಕೂಡಲೇ ಉದುರಿ ಕೆಳಗೆ ಬೀಳುತ್ತದೆ. ಹಾಗಾಗಿ ಎಲ್ಲಿ ಸೇತುವೆ ಕೊಡಬೇಕು ಅಂತ ಮೊದಲು ಕಾಗದದ ಮೇಲೆ ನೋಡಿಕೊಳ್ಳಬೇಕು. ಅಕ್ಷರಗಳ ಹಿಂದೆ ಒಂದು ಸಣ್ಣ ತಂತಿ ಬೆಸೆಯುವುದು ನನಗೆ ಇಷ್ಟ. ಮುಂದಿನಿಂದ ಅದು ಅಷ್ಟಾಗಿ ಕಾಣುವುದಿಲ್ಲ, ಬರಹ ಕೆಡುವುದಿಲ್ಲ.

ಆ ಅಪ್ಪನ ಗುಡಿಸು ಸ್ವಲ್ಪ ನಡುಗಿತ್ತು. ನುಣುಪು ಮಾಡಿಬಿಡೋಣ ಅಂತ ಕೈ ಹೋಗುತ್ತದೆ, ಅದು ನಮ್ಮ ಕಸುಬಿನ ಅಭ್ಯಾಸ. ಮಾಡಬಾರದು. ತಂಗಿ ಗುರುತು ಹಿಡಿಯುವುದೇ ಆ ನಡುಕದಿಂದ, ಅಲ್ವಾ?

ಬರಹವನ್ನು 30 ಮಿಲಿಮೀಟರ್ ಅಗಲಕ್ಕೆ ಜೆರಾಕ್ಸ್ ಮಾಡಿಸಿದೆ. ಇನ್ನೂ ಚಿಕ್ಕದಾದರೆ ಗೆರೆ 1 ಮಿಲಿಮೀಟರಿಗಿಂತ ಸಣ್ಣಗಾಗಿ ಬೆಳ್ಳಿ ಬಾಗುತ್ತದೆ. 925 ಬೆಳ್ಳಿಯ ತಗಡು ತಗೊಂಡೆ. ಅಂದ್ರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಅಪ್ಪಟ ಬೆಳ್ಳಿ ದಿನಾ ಹಾಕುವ ಪದಕಕ್ಕೆ ತೀರಾ ಮೆತ್ತಗೆ. ಕಾಗದವನ್ನು ತಗಡಿಗೆ ಅಂಟಿಸಿ, ಕೂದಲಿನಂಥ ಅಲಗಿನ ಗರಗಸದಿಂದ ಗೆರೆ ಹಿಡಿದು ಕೊಯ್ಯಬೇಕು. ತಿರುವು ಬಂದಲ್ಲಿ ಗರಗಸ ತಿರುಗಿಸಬಾರದು, ತಗಡು ತಿರುಗಿಸಬೇಕು. ಒಳಗಿನ ಸುಳಿಗಳಿಗೆ ಮೊದಲು ತೂತು ಕೊರೆದು, ಅಲಗನ್ನು ಅದರೊಳಗೆ ಪೋಣಿಸಿ ಕೊಯ್ಯುವುದು. ‘ಪು’ ಮುಗಿಸುವಷ್ಟರಲ್ಲಿ ನಾಲ್ಕು ಅಲಗು ಮುರಿದವು.

ಬೆಸುಗೆಗೆ ಬಿಳಿಗಾರವನ್ನು, ಅಂದ್ರೆ ಬೊರಾಕ್ಸನ್ನು, ಕಲ್ಲಿನ ಮೇಲೆ ನೀರು ಹಾಕಿ ಹಾಲಿನ ಹಾಗೆ ತೇದು ಹಚ್ಚುತ್ತೇವೆ. ಬೆಳ್ಳಿಯಷ್ಟು ಚೆನ್ನಾಗಿ ಬಿಸಿ ಸಾಗಿಸುವ ಲೋಹ ಇನ್ನೊಂದಿಲ್ಲ. ಜೋಡಿಸುವ ಜಾಗಕ್ಕೆ ಮಾತ್ರ ಉರಿ ಕೊಟ್ಟರೆ ಬಿಸಿಯೆಲ್ಲ ಸುತ್ತ ಓಡಿಹೋಗುತ್ತದೆ. ಇಡೀ ಪದಕವನ್ನೇ ಕಾಯಿಸಬೇಕು. 700 ಡಿಗ್ರಿ ದಾಟಿದ ಮೇಲೆ ಬೆಸುಗೆ ಚಕ್ಕನೆ ಹೊಳೆದು ಸಂದಿಗೆ ಇಳಿಯುತ್ತದೆ. ಆ ಹೊಳಪು ಕಂಡ ಕ್ಷಣವೇ ಉರಿ ತೆಗೆಯಬೇಕು. 900ರ ಹತ್ತಿರ ಹೋದರೆ ಪದಕವೇ ಕರಗಿ ಗುಂಡಾಗುತ್ತದೆ. ಈ ಕೆಲಸಕ್ಕೆ ನಾನು ಅಂಗಡಿಯ ಲೈಟು ಕಡಿಮೆ ಮಾಡುತ್ತೇನೆ. ಬೆಳಕು ಜಾಸ್ತಿ ಇದ್ದರೆ ಬೆಳ್ಳಿ ಕೆಂಪಾಗುವುದು ಕಾಣುವುದಿಲ್ಲ. ಆಮೇಲೆ ಅರ, ಮರಳು ಕಾಗದ, ಕೊನೆಗೆ ಅಂಟವಾಳದ ನೀರು ಮತ್ತು ಹಿತ್ತಾಳೆ ಬ್ರಷ್.

ಕೆಲವರು ಅಜ್ಜಿಯ ಕಾಲ್ಗೆಜ್ಜೆ ತಂದು ಕರಗಿಸಿ ಮಾಡಿ ಅನ್ನುತ್ತಾರೆ. ಹಳೇ ಗೆಜ್ಜೆಯಲ್ಲಿ ಬೆಸುಗೆ ತುಂಬಾ ಇರುತ್ತದೆ. ಕರಗಿಸಿದರೆ ಬೆಳ್ಳಿ ಪೆಡಸಾಗಿ, ತಟ್ಟುವಾಗ ಬಿರುಕು ಬಿಡುತ್ತದೆ. ನಾನಾದರೆ ಅದರ ಒಂದು ಕೊಂಡಿ ಬಿಡಿಸಿ, ಇದ್ದ ಹಾಗೇ ಹೊಸ ಸರಕ್ಕೆ ಸೇರಿಸುತ್ತೇನೆ. ಅಜ್ಜಿಯ ಕಾಲಲ್ಲಿ ಸವೆದ ಗುರುತೂ ಉಳಿಯುತ್ತದೆ.

ಪುಟ್ಟಿ ಪದಕ 3 ಗ್ರಾಂ ಕೂಡ ತೂಗಲಿಲ್ಲ. ಕೆಲಸ ಎರಡು ದಿನ ಹಿಡಿಯಿತು. ಇಂಥದ್ದರಲ್ಲಿ ದುಡ್ಡು ಹೋಗುವುದು ಮಜೂರಿಗೆ. ಬಿಲ್ಲಿನಲ್ಲಿ ತೂಕ, 925 ಎಂಬ ಶುದ್ಧತೆ, ಮಜೂರಿ ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಜರ್ಮನ್ ಸಿಲ್ವರ್ ಅಂದರೆ ಮೋಸ ಹೋಗಬೇಡಿ, ಅದು ತಾಮ್ರ, ನಿಕ್ಕಲ್, ಸತು. ಬೆಳ್ಳಿ ಒಂದು ಚೂರೂ ಇರುವುದಿಲ್ಲ.

ಉಡುಗೊರೆ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ. ರಬ್ಬರಿನಲ್ಲಿರುವ ಗಂಧಕ ತಾಗಿ ಬೆಳ್ಳಿ ಕಪ್ಪಾಗುತ್ತದೆ. ಪೇಸ್ಟು ಹಾಕಿ ಉಜ್ಜಲೂ ಬೇಡಿ, ಗೀರು ಬೀಳುತ್ತದೆ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.

ಕೈಬರಹದ ಒಡವೆ ಮಾಡಿಸುವವರು ಕಡೇಪಕ್ಷ ಎರಡು ವಾರ ಮುಂಚೆ ಬನ್ನಿ. ಫೋಟೊ ಜೊತೆಗೆ ಮೂಲ ಕಾಗದವನ್ನೂ ತನ್ನಿ, ಪೆನ್ನು ಎಲ್ಲಿ ಒತ್ತಿದೆ, ಎಲ್ಲಿ ತೇಲಿದೆ ಅನ್ನುವುದು ಅದರಲ್ಲಿ ಮಾತ್ರ ಕಾಣುತ್ತದೆ. ನೋಡಿ, ಅಳತೆ ತಗೊಂಡು, ನಿಮ್ಮ ಎದುರಲ್ಲೇ ವಾಪಸ್ ಕೊಡುತ್ತೇನೆ.