ಬೆಳೆಹಾನಿ ಪರಿಹಾರ: ದುಡ್ಡು ನಿಲ್ಲುವುದು ಎಲ್ಲಿ?

ಪರಿಹಾರ ಜಮೆಯಾಗದಿದ್ದರೆ ಹೆಚ್ಚಿನ ರೈತರು ನೇರ ಬ್ಯಾಂಕಿಗೆ ಹೋಗುತ್ತಾರೆ. ಮೊದಲು ಹೋಗಬೇಕಾದ್ದು ರೈತ ಸಂಪರ್ಕ ಕೇಂದ್ರಕ್ಕೆ. ಪಹಣಿಯಲ್ಲಿ ಹೆಸರಿದ್ದರೆ ಸಾಲದು, ಆ ಸರ್ವೆ ನಂಬರು ರೈತರ ಜಮೀನಿನ ವಿವರ ಇಡುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆ) ಸೇರಿರಬೇಕು. ಸೇರದ ಜಮೀನು ಪರಿಹಾರದ ಲೆಕ್ಕಕ್ಕೇ ಬರುವುದಿಲ್ಲ.

2022–26ರ ಅವಧಿಗೆ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ಮಾರ್ಗಸೂಚಿ ನಿಗದಿ ಮಾಡಿದ ದರ ಹೆಕ್ಟೇರಿಗೆ ಖುಷ್ಕಿ ಬೆಳೆಗೆ ₹8,500, ನೀರಾವರಿಗೆ ₹17,000, ಬಹುವಾರ್ಷಿಕ ಬೆಳೆಗೆ ₹22,500. ಹಾನಿ ಶೇ 33ಕ್ಕೆ ಕಡಿಮೆ ಇರಬಾರದು, ಮಿತಿ 2 ಹೆಕ್ಟೇರ್. ಒಂದು ಹೆಕ್ಟೇರ್ ಅಂದರೆ ಸುಮಾರು 2 ಎಕರೆ 19 ಗುಂಟೆ. 3 ಎಕರೆ 20 ಗುಂಟೆ ಖುಷ್ಕಿ ತೊಗರಿ ಪೂರ್ತಿ ಹೋಗಿದ್ದರೆ ಸುಮಾರು ₹12,000 ಬರಬೇಕು. ಅದರಲ್ಲಿ 2 ಎಕರೆಯ ಒಂದು ಸರ್ವೆ ನಂಬರು ಎಫ್‌ಐಡಿಗೆ ಬಿಟ್ಟುಹೋಗಿದ್ದರೆ ಕೈಗೆ ಸಿಗುವುದು ₹5,200ರ ಆಸುಪಾಸು. ಹಣ ಕಡಿಮೆ ಬಂತು ಅನ್ನುವವರು ಮೊದಲು ಈ ಗುಂಟೆ ಲೆಕ್ಕ ಹಾಕಿ ನೋಡಬೇಕು. ಬಿಟ್ಟುಹೋದ ನಂಬರು ಸೇರಿಸಲು ಆಧಾರ್, ಪಹಣಿ, ಪಾಸ್‌ಬುಕ್ಕಿನ ನಕಲು ಸಾಕು.

ಅಪ್ಪ ತೀರಿಕೊಂಡರೂ ಪಹಣಿ ಅವರ ಹೆಸರಿನಲ್ಲೇ ಉಳಿದಿದ್ದರೆ ಮಕ್ಕಳ ಎಫ್‌ಐಡಿಗೆ ಆ ಜಮೀನು ಸೇರಿಸಲು ಆಗದು. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಮಾಡಿಸದೆ ಬೇರೆ ದಾರಿಯಿಲ್ಲ. ಬರಗಾಲ ಬಂದ ಮೇಲೆ ಓಡಾಡಿದರೆ ಆ ವರ್ಷದ ಹಣ ಕೈತಪ್ಪುವ ಸಾಧ್ಯತೆಯೇ ಹೆಚ್ಚು, ಮುಂಗಾರಿಗೆ ಮುಂಚೆಯೇ ಮುಗಿಸಿಕೊಳ್ಳಿ. ಜಂಟಿ ಖಾತೆಯಲ್ಲಿ ಯಾರ ಪಾಲು ಎಷ್ಟು ಗುಂಟೆ ಎಂಬುದೂ ಸ್ಪಷ್ಟವಾಗಿರಬೇಕು.

ಬೆಳೆ ಸಮೀಕ್ಷೆಯನ್ನು ಉದಾಸೀನ ಮಾಡಬೇಡಿ. ಬೋರ್‌ವೆಲ್ ನೀರಿನ ಬೆಳೆಯನ್ನು ಖುಷ್ಕಿ ಎಂದು ಬರೆದಿದ್ದರೆ ಪರಿಹಾರ ಅರ್ಧಕ್ಕರ್ಧ ಇಳಿಯುತ್ತದೆ, ಹೊಲ ಪಾಳು ಎಂದಿದ್ದರೆ ಏನೂ ಬರುವುದಿಲ್ಲ. ನಿಮ್ಮ ಸರ್ವೆ ನಂಬರಿನ ಮುಂದೆ ಯಾವ ಬೆಳೆ ಇದೆ ಎಂದು ಬೆಳೆ ದರ್ಶಕ್ ಆ್ಯಪಿನಲ್ಲಿ ನೋಡಿ, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ. ಪೈರು ಹೊಲದಲ್ಲಿ ನಿಂತಿರುವಾಗಲೇ ಹಾಕಬೇಕು. ಕೊಯ್ಲಾದ ಮೇಲೆ ಪರಿಶೀಲನೆಗೆ ಬಂದವರಿಗೆ ನೋಡಲು ಏನೂ ಉಳಿದಿರುವುದಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಹಣ ಬಂದಿಲ್ಲವೆಂದರೆ ಬ್ಯಾಂಕಿನ ಸರದಿ. ಖಾತೆಗೆ ಆಧಾರ್ ಲಿಂಕ್ ಆಗಿದೆ ಅಂದಾಕ್ಷಣ ಹಣ ಅಲ್ಲಿಗೇ ಬರುತ್ತದೆಂದಲ್ಲ. ನೇರ ವರ್ಗಾವಣೆಯ ಹಣ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್‌ನಲ್ಲಿ, ಅಂದರೆ ಯಾವ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಎಂಬ ಪಟ್ಟಿಯಲ್ಲಿ, ಇರುವ ಒಂದೇ ಬ್ಯಾಂಕಿಗೆ ಹೋಗುತ್ತದೆ, ಸಾಮಾನ್ಯವಾಗಿ ಕಡೆಯದಾಗಿ ಸೀಡ್ ಆದ (ಆ ಪಟ್ಟಿಗೆ ಸೇರಿದ) ಬ್ಯಾಂಕಿಗೆ. ಯಾವುದೋ ಕೆಲಸಕ್ಕೆ ತೆರೆದು ಮರೆತ ಖಾತೆಯಲ್ಲಿ ಪರಿಹಾರ ಬಿದ್ದಿರುವುದು ಬಹಳ ಸಾಮಾನ್ಯ. ಮೈಆಧಾರ್ ಜಾಲತಾಣದಲ್ಲಿ ಒಟಿಪಿ ಕೊಟ್ಟು ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರು ಸಿಗುತ್ತದೆ. ಬದಲಿಸಬೇಕಿದ್ದರೆ ಬೇಕಾದ ಬ್ಯಾಂಕಿನಲ್ಲಿ ಸೀಡಿಂಗ್ ಒಪ್ಪಿಗೆ ಫಾರಂ ತುಂಬಿಕೊಡಿ. ಬರೀ ಆಧಾರ್ ಜೆರಾಕ್ಸ್ ಕೊಟ್ಟು ಬಂದರೆ ಮ್ಯಾಪಿಂಗ್ ಬದಲಾಗದು.

ಪಿಎಂ ಕಿಸಾನ್‌ಗೂ ಈ ಸೀಡಿಂಗ್ ಬೇಕು, ಜೊತೆಗೆ ಇ-ಕೆವೈಸಿ ಕಡ್ಡಾಯ. ವರ್ಷಕ್ಕೆ ₹6,000, ₹2,000ದ ಮೂರು ಕಂತು. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದು ಕುಟುಂಬ, ಒಬ್ಬರಿಗಷ್ಟೇ ಹಣ. 2019ರ ಫೆಬ್ರುವರಿ 1ರ ನಂತರ ಕ್ರಯಕ್ಕೆ ಕೊಂಡ ಜಮೀನಿನ ಮೇಲೆ ಅರ್ಜಿ ಹಾಕಿದರೆ ಉಪಯೋಗವಿಲ್ಲ. ವಾರಸಾಗಿ ಬಂದ ಜಮೀನಾದರೆ ಪೌತಿ ಖಾತೆಯ ದಾಖಲೆ ಇಟ್ಟು ಹಾಕಬಹುದು.