ಜರ್ಮನ್ ಚಿತ್ರಗಳೇಕೆ ಇಷ್ಟು ಗಡುಸು?

ಪ್ರಶ್ನೆ: ಇಟಲಿಯ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದರೆ ಹಳೆಯ ಜರ್ಮನ್ ಚಿತ್ರಗಳು ಗಡುಸಾಗಿ, ಕೆಲವೊಮ್ಮೆ ವಿಕಾರವಾಗಿಯೂ ಕಾಣುತ್ತವೆ. ಅಲ್ಲಿನವರಿಗೆ ಬಣ್ಣದ ಮಾರ್ದವ ಒಲಿಯಲಿಲ್ಲವೇ?

ಉತ್ತರ: ಒಲಿದಿತ್ತು. ಆದರೆ ಅವರ ಕೈ ಪಳಗಿದ್ದು ಗೆರೆಯಲ್ಲಿ. ನ್ಯೂರೆಂಬರ್ಗ್‌ನ ಆಲ್ಬ್ರೆಕ್ಟ್ ಡ್ಯೂರರ್ (1471–1528) ಅಕ್ಕಸಾಲಿಗನ ಮಗ. ವರ್ಣಚಿತ್ರಕಾರನ ಬಳಿ ಶಿಷ್ಯವೃತ್ತಿಗೆ ಸೇರುವ ಮೊದಲೇ ಅಪ್ಪನ ಕಾರ್ಯಾಗಾರದಲ್ಲಿ ಪಳಗಿದವನು. ಚಿತ್ರ ಮುದ್ರಿಸಲು ತಾಮ್ರದ ತಗಡಿನ ಮೇಲೆ ಕೊರೆಯುವ ಉಳಿ ಅಕ್ಕಸಾಲಿಗರದ್ದೇ: ಚೌಕ ಉಕ್ಕಿನ ಕಡ್ಡಿ, ತುದಿ ಓರೆಯಾಗಿ ಮಸೆದದ್ದು. ಅದನ್ನು ಅಂಗೈಯಿಂದ ಮುಂದಕ್ಕೆ ತಳ್ಳಬೇಕು. ಗೆರೆ ಬಾಗಬೇಕಾದರೆ ತಗಡನ್ನೇ ತಿರುಗಿಸಬೇಕು. ಉಳಿಯನ್ನು ತೀರಾ ಮಲಗಿಸಿ ಹಿಡಿದರೆ ಜಾರಿ ಬೇಡದ ಕಡೆ ಗೀರು ಬೀಳುತ್ತದೆ, ತೀರಾ ಎತ್ತಿ ಹಿಡಿದರೆ ಲೋಹದಲ್ಲಿ ಕಚ್ಚಿಕೊಳ್ಳುತ್ತದೆ. ಅಂಚಿನಲ್ಲೆದ್ದ ತಾಮ್ರದ ಸಿಬಿರನ್ನು ಹೆರೆಯದಿದ್ದರೆ ಅದಕ್ಕೂ ಶಾಯಿ ಹಿಡಿದು ಗೆರೆ ಕದಡುತ್ತದೆ. ಆಮೇಲೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಮಾಡಿದ ಕಾಗದ ಇಟ್ಟು ಬಲವಾಗಿ ಒತ್ತುವುದು. ಒಣ ಕಾಗದ ಗೀರಿನೊಳಗಿನ ಶಾಯಿಯನ್ನು ಸರಿಯಾಗಿ ಎತ್ತಿಕೊಳ್ಳುವುದಿಲ್ಲ.

ಇಲ್ಲಿ ನೆರಳನ್ನು ಬಳಿಯಲಾಗದು, ಗೆರೆಗಳನ್ನು ಒತ್ತೊತ್ತಾಗಿ, ಅಡ್ಡಡ್ಡವಾಗಿ ಹೆಣೆಯಬೇಕು. ಡ್ಯೂರರ್‌ನ 1514ರ ‘ಮೆಲೆಂಕೋಲಿಯಾ’ ಸುಮಾರು 24 ಸೆಂ.ಮೀ. ಎತ್ತರದ ಪುಟ್ಟ ಚಿತ್ರ. ಮಡಿಕೆ ಮಡಿಕೆಯಾದ ಬಟ್ಟೆಯ ಹೊಳಪು, ಮುದುಡಿ ಮಲಗಿದ ಬಡಕಲು ನಾಯಿಯ ಪಕ್ಕೆಲುಬು, ಎಲ್ಲವೂ ಬರೀ ಗೆರೆ! ಈ ಕೈಯೇ ಕುಂಚ ಹಿಡಿದಾಗ ಕೂದಲಿನ ಎಳೆ ಎಳೆಯೂ ಬೇರೆಯಾಗಿ ನಿಂತಿತು.

ಇನ್ನು ವಿಕಾರದ ಮಾತು. ಡ್ಯೂರರ್‌ನ ಸಮಕಾಲೀನ ಚಿತ್ರಕಾರ ಗ್ರೂನೆವಾಲ್ಡ್‌ನ ಐಸೆನ್‌ಹೈಮ್ ಪೂಜಾಪೀಠದ ಚಿತ್ರಗಳು (ಸುಮಾರು 1512–16) ಈಗ ಫ್ರಾನ್ಸಿನ ಕೋಲ್ಮಾರ್‌ನಲ್ಲಿವೆ. ಮೊದಲು ಅವು ಇದ್ದದ್ದು ರೋಗಿಗಳ ಆರೈಕೆ ಮಾಡುತ್ತಿದ್ದ ಮಠದಲ್ಲಿ. ಬೂಷ್ಟು ಹತ್ತಿದ ರೈ ಧಾನ್ಯದ ರೊಟ್ಟಿ ತಿಂದು, ಕೈಕಾಲು ಉರಿದು ಕೊಳೆಯುತ್ತಿದ್ದವರು ಅಲ್ಲಿಗೆ ಬರುತ್ತಿದ್ದರು. ಶಿಲುಬೆಯ ಕ್ರಿಸ್ತನ ಮೈತುಂಬ ಹುಣ್ಣು, ಸೆಟೆದು ಬಾಗಿದ ಬೆರಳು. ಸುಂದರ ದೇಹ ಬರೆದಿದ್ದರೆ ಆ ರೋಗಿಗಳಿಗೆ ಅದು ಪರಕೀಯವಾಗುತ್ತಿತ್ತು. ಅದೇ ಪೀಠದ ಬಾಗಿಲಿನಂಥ ಚಿತ್ರಫಲಕಗಳನ್ನು ತೆರೆದರೆ ಪುನರುತ್ಥಾನದ ಕ್ರಿಸ್ತ: ಹುಣ್ಣಿಲ್ಲದ ಮೈ, ಸುತ್ತ ಹಳದಿ-ಕಿತ್ತಳೆ ಪ್ರಭೆ. ಬಣ್ಣ ಬಾರದವನ ಕೆಲಸವೇ ಇದು?

ಎಲ್ಲರೂ ಗೆರೆಯವರೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ನಿಸರ್ಗಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಖ್‌ ಬರೆದ ಮಂಜಿನದು ಬೇರೆಯೇ ದಾರಿ. ಆದರೆ 1905ರಲ್ಲಿ ಡ್ರೆಸ್ಡೆನ್‌ನ ನಾಲ್ವರು ವಾಸ್ತುಶಿಲ್ಪ ವಿದ್ಯಾರ್ಥಿಗಳು ‘ಬ್ರ್ಯೂಕೆ’ ಎಂಬ ಚಿತ್ರಕಾರರ ಗುಂಪು ಕಟ್ಟಿದಾಗ ಮತ್ತೆ ಕೈಗೆ ಬಂದದ್ದು ಹಳೆಯ ಮರದಚ್ಚು (ಮರದ ಹಲಗೆ ಕೆತ್ತಿ ಮುದ್ರಿಸುವ ಚಿತ್ರ), ಅದೂ ಉಳಿಯ ಒರಟು ಗುರುತು ಉಳಿಸಿಕೊಂಡೇ.

ಹಳೆಯ ಮುದ್ರಣ ಸಿಕ್ಕರೆ ಭೂತಗನ್ನಡಿಯಲ್ಲಿ ಗೆರೆಯ ತುದಿ ನೋಡಿ. ಸೂಜಿಯಂತೆ ಚೂಪಾಗಿ ಮುಗಿದಿದ್ದರೆ ಹೆಚ್ಚಾಗಿ ತಾಮ್ರದ ಕೆತ್ತನೆ, ಮೊಂಡಾಗಿದ್ದರೆ ಮರದಚ್ಚು. ತಾಮ್ರದ್ದಾದರೆ ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗೂ ಇರುತ್ತದೆ, ಕಾಗದವನ್ನು ಯಾರೂ ಅಲ್ಲಿಯವರೆಗೆ ಕತ್ತರಿಸಿರದಿದ್ದರೆ.