ಪಾಲಿಕೀಟ: ಹೆಸರಿನಲ್ಲಷ್ಟೇ ಕೀಟ

ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಯಲ್ಲಿ ಕರಿಹಲಗೆಯ ಮೇಲೆ ‘ಪಾಲಿಕೀಟ’ ಎಂದು ಬರೆದರೆ ಸಾಕು, ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ: “ಮಾಷ್ಟ್ರೇ, ಇದಕ್ಕೂ ಆರು ಕಾಲೇ?” ತಪ್ಪು ಮಕ್ಕಳದಲ್ಲ, ಲಿಪ್ಯಂತರದ್ದು. ಪಾಲಿಕೀಟ ಎಂದರೆ ಹೆಚ್ಚಾಗಿ ಕಡಲಲ್ಲಿ ಬದುಕುವ, ಮೈಯಲ್ಲಿ ಬಿರುಗೂದಲಿರುವ ಹುಳುಗಳ ಗುಂಪು. ಈ ‘ಕೀಟ’ಕ್ಕೂ ಸಂಸ್ಕೃತದ ಕೀಟಕ್ಕೂ ನಂಟಿಲ್ಲ, ಇದು ಉದ್ದ ಕೂದಲು ಎಂಬರ್ಥದ ಗ್ರೀಕ್ ‘ಖೈತೆ’. ‘ಪಾಲಿ’ ಎಂದರೆ ಬಹಳ. 1850ರಲ್ಲಿ ಜರ್ಮನ್ ಪ್ರಾಣಿಶಾಸ್ತ್ರಜ್ಞ ಗ್ರೂಬೆ ಕೊಟ್ಟ ಹೆಸರು. ‘ಬಹುರೋಮಿ’ ಎಂದರೆ ಈ ಗೊಂದಲವೇ ಇರುವುದಿಲ್ಲ. ನಾನು ಹಾಗೆಯೇ ಕರೆಯುತ್ತೇನೆ.

ಮಂಜೇಶ್ವರದ ಕಣ್ವತೀರ್ಥದ ಕಡಲ ಕರೆಯಲ್ಲಿ ಇಳಿತದ ಹೊತ್ತಿಗೆ ಒದ್ದೆ ಮರಳನ್ನು ಬಗೆದು, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಸಮುದ್ರದ ನೀರು ಹೊಯ್ದು ತೊಳೆಯಬೇಕು. ಚಿಪ್ಪಿನ ಚೂರುಗಳ ನಡುವೆ ನೂಲಿನಂತೆ ಹೊರಳಾಡುವ ಹುಳುಗಳು ಉಳಿದರೆ ಭೂತಗನ್ನಡಿ ಹಿಡಿದು ನೋಡಿ. ಮೈಯೆಲ್ಲ ಉಂಗುರ ಉಂಗುರ. ಒಂದೊಂದು ಉಂಗುರದ ಎರಡು ಬದಿಗೂ ಚಾಚಿದ ಮಾಂಸಲ ಹಾಲೆ. ಇದೇ ಪಾರ್ಶ್ವಪಾದ. ಅದರ ತುದಿಯಲ್ಲಿ ಬಿರುಗೂದಲಿನ ಕುಚ್ಚು. ಕೂದಲು ಎಂದರೂ ಅದು ನಮ್ಮ ತಲೆಗೂದಲಿನ ವಸ್ತುವಲ್ಲ, ಏಡಿಯ ಚಿಪ್ಪಿನಲ್ಲಿರುವ ಕೈಟಿನ್. ಒಂದೊಂದು ಕೂದಲನ್ನೂ ಒಂದೇ ಒಂದು ಜೀವಕೋಶ ನೇಯ್ದು ಹೊರತಳ್ಳುತ್ತದೆ.

ಪ್ರಭೇದವನ್ನು ಗುರುತಿಸಿ ವರ್ಣಿಸುವ ಕೆಲಸ ಬಹುಪಾಲು ನಡೆಯುವುದು ಈ ಕೂದಲಿನ ಮೇಲೆಯೇ. ಸೂಕ್ಷ್ಮದರ್ಶಕದಲ್ಲಿ ಕೆಲವು ಸಾದಾ ಎಳೆ, ಕೆಲವಕ್ಕೆ ತುದಿಯಲ್ಲಿ ಕೊಕ್ಕೆ ಮತ್ತು ಅದರ ಮೇಲೊಂದು ಮುಸುಕು, ಕೆಲವಕ್ಕೆ ನಡುವೆ ಕೀಲು. ಕೊಕ್ಕೆಗಳು ಎಷ್ಟನೆಯ ಉಂಗುರದಿಂದ ಶುರುವಾಗುತ್ತವೆ ಎಂಬ ಲೆಕ್ಕದಲ್ಲೇ ಎಷ್ಟೋ ಪ್ರಭೇದಗಳು ಬೇರೆಯಾಗುತ್ತವೆ. ಆಮೇಲೆ ತಲೆ: ಕಣ್ಣು, ಕುಡಿಮೀಸೆ, ಒಳಗಿನಿಂದ ಹೊರಚಾಚುವ ಸೊಂಡಿಲು. ನೀರಿಸ್ ಎಂಬ ಕುಲದ ಹುಳುಗಳ ಸೊಂಡಿಲಲ್ಲಿ ಎರಡು ದವಡೆ. ಗ್ಲೈಸೆರಾ ಕುಲದವಕ್ಕೆ ನಾಲ್ಕು, ಅವುಗಳಲ್ಲಿ ತಾಮ್ರದ ಖನಿಜ. ಆದರೆ ಜೀವಂತ ಹುಳುವನ್ನು ನೇರವಾಗಿ ಫಾರ್ಮಲಿನ್‌ಗೆ ಹಾಕಿದರೆ ಅದು ಸೆಟೆದು ತುಂಡುತುಂಡಾಗಬಹುದು. ಮೊದಲು ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಮಂಪರು ಬರಿಸಬೇಕು. ತಲೆಯಿಲ್ಲದ ತುಂಡಿಗೆ ಹೆಸರು ಹುಡುಕುತ್ತಾ ಒಂದು ಇಡೀ ಮಳೆಗಾಲ ಕಳೆದವನು ನಾನು.

ವರ್ಗೀಕರಣದ ಕಥೆ ಬೇರೆ. ಹತ್ತೊಂಬತ್ತನೆಯ ಶತಮಾನದವರು ‘ಅಲೆಯುವವು’, ‘ಕೂತಿರುವವು’ ಎಂದು ಎರಡು ಪಾಲು ಮಾಡಿದರು. ಅದು ಬದುಕುವ ರೀತಿಯೇ ಹೊರತು ರಕ್ತಸಂಬಂಧವಲ್ಲ ಎಂದು ಮುಂದಿನವರು ತಳ್ಳಿಹಾಕಿದರು. 1997ರಲ್ಲಿ ಪ್ರಾಣಿಶಾಸ್ತ್ರಜ್ಞರಾದ ರೌಸ್ ಮತ್ತು ಫೌಕಾಲ್ಡ್ ದೇಹರಚನೆಯನ್ನು ಆಧರಿಸಿ ಬೇರೆಯೇ ಪಂಗಡಗಳನ್ನು ಕಟ್ಟಿದರು. 2011ರಲ್ಲಿ ವಿಜ್ಞಾನಿ ಸ್ಟ್ರುಕ್ ಮತ್ತು ಸಂಗಡಿಗರು ನೂರಾರು ಜೀನ್‌ಗಳನ್ನು ಹೋಲಿಸಿದಾಗ ಹಳೆಯ ಎರಡು ಪಾಲುಗಳೇ ಹೆಚ್ಚುಕಡಿಮೆ ಮರಳಿ ಬಂದವು! ಅಷ್ಟೇ ಅಲ್ಲ, ಕೂತಿರುವವುಗಳ ಕೊಂಬೆಯೊಳಗೇ ಎರೆಹುಳು, ಜಿಗಣೆ ಎರಡೂ ಸಿಕ್ಕಿದವು. ತುಳುವರು ನಕ್ಕುರು ಎನ್ನುವ, ಮಲಯಾಳಿಗಳು ಮಣ್ಣಿರ ಎನ್ನುವ ನಮ್ಮ ತೋಟದ ಹುಳು ಪಾರ್ಶ್ವಪಾದ ಕಳೆದುಕೊಂಡ ಬಹುರೋಮಿ ಎಂದಾಯಿತು. ಅದನ್ನು ಹೊರಗಿಟ್ಟರೆ ‘ಬಹುರೋಮಿ’ ಒಂದು ಪೂರ್ಣ ವಂಶವಲ್ಲ, ಮೈಯ ವರ್ಣನೆ ಮಾತ್ರ. ‘ಮರ’ ಎಂದರೆ ಹಲಸೂ ತೆಂಗೂ ಬರುವುದಿಲ್ಲವೇ, ಹಾಗೆ. ಆದರೂ ಹತ್ತು ಸಾವಿರಕ್ಕೂ ಮಿಕ್ಕಿದ ಪ್ರಭೇದಗಳನ್ನು ಒಟ್ಟಿಗೆ ಹೇಳಲು ಬೇರೆ ಪದವಿಲ್ಲ, ಬಳಕೆ ನಿಂತಿಲ್ಲ.

ಇನ್ನೊಂದು ತೊಡಕು ನಮ್ಮ ಕರಾವಳಿಯದು. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಫೊವೆಲ್ ಭಾರತ ಮತ್ತು ನೆರೆನಾಡುಗಳ ಬಹುರೋಮಿಗಳ ಬಗ್ಗೆ ಬರೆದ 1953ರ ಗ್ರಂಥವನ್ನು ಇಂದಿಗೂ ತೆರೆಯುತ್ತಾರೆ. ಅದರಲ್ಲಿ ಯುರೋಪಿನ ಕಡಲಿನ ಹೆಸರುಗಳು ಇಲ್ಲಿನ ಹುಳುಗಳಿಗೂ ಅಂಟಿಕೊಂಡಿವೆ. ಹಾಗೆ ‘ಲೋಕವ್ಯಾಪಿ’ ಎಂದುಕೊಂಡಿದ್ದ ಹಲವು ಪ್ರಭೇದಗಳು ನಿಜಕ್ಕೂ ಬೇರೆ ಬೇರೆ ಎಂದು ಆಮೇಲೆ ತಿಳಿಯಿತು. ಹಾಗಾಗಿ ಹುಳುವನ್ನು ಆಲ್ಕೋಹಾಲಿನಲ್ಲಿ ಕಾಪಿಡುವ ಸೀಸೆಯ ಚೀಟಿಯ ಮೇಲೆ ‘ಗ್ಲೈಸೆರಾ’ ಎಂದಷ್ಟೇ ಬರೆದು ಪ್ರಭೇದದ ಜಾಗವನ್ನು ಖಾಲಿ ಬಿಡುವುದೇ ವಾಸಿ. ಸ್ಥಳ, ದಿನಾಂಕ ಮಾತ್ರ ಇರಲೇಬೇಕು, ಅದೂ ಪೆನ್ಸಿಲಿನಲ್ಲಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.